ಹುಲಿ ಎಣಿಸಿದ್ದು ಸಾಕು, ಹುಲ್ಲಿನ ಲೆಕ್ಕ ಕೇಳೋಣ

ನಾಲ್ಕು ವರ್ಷಕ್ಕೊಮ್ಮೆ ಹುಲಿ ಗಣತಿಯ ವರದಿ ಬರುತ್ತದೆ. 2022ರ ಗಣತಿಯ ಪ್ರಕಾರ ಮಧ್ಯಪ್ರದೇಶದಲ್ಲಿ 785 ಹುಲಿ, ಕರ್ನಾಟಕದಲ್ಲಿ 563. ಅಂದ್ರೆ ದೇಶದಲ್ಲಿ ನಾವು ಎರಡನೇ ಸ್ಥಾನ. ವರದಿ ಬಂದಾಗಲೆಲ್ಲ ನಮ್ಮ ಚರ್ಚೆ ಕ್ರಿಕೆಟ್ ಸ್ಕೋರಿನ ಥರ ನಡೆಯುತ್ತೆ: ಎಷ್ಟಿತ್ತು, ಎಷ್ಟಾಯ್ತು, ಮೊದಲ ಸ್ಥಾನ ಯಾಕೆ ತಪ್ಪಿತು. ಕಾಡಂಚಿನ ಹಳ್ಳಿಯಲ್ಲಿ ಹಸು ಸತ್ತ ದಿನ ಇದೇ ಸಂಖ್ಯೆ ಉಲ್ಟಾ ಹೊಡೆಯುತ್ತೆ. "ಹುಲಿ ಜಾಸ್ತಿ ಆಗಿವೆ, ಕಡಿಮೆ ಮಾಡಿ" ಅನ್ನೋ ಕೂಗು ಏಳುತ್ತೆ.

ಹೆಮ್ಮೆ ಪಡುವವರು, ಸಿಟ್ಟಾಗುವವರು ಇಬ್ಬರೂ ಹಿಡಿದಿರೋದು ಒಂದೇ ಅಂಕಿ. ನನಗೆ ಕಾಣೋ ತೊಂದರೆ ಇಲ್ಲೇ ಇದೆ. ಕಾಡು ಗಟ್ಟಿಯಾಗಿದೆಯೋ ಕುಸಿಯುತ್ತಿದೆಯೋ ಅನ್ನೋದನ್ನು ಬೇಟೆಗಾರ ಪ್ರಾಣಿಯ ಸಂಖ್ಯೆ ಒಂದೇ ಹೇಳಲಾರದು. ಯಾರು ಯಾರನ್ನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ, ಒಂದು ಸಿಗದಿದ್ದರೆ ಇನ್ನೇನು ತಿನ್ನುತ್ತಾರೆ ಅನ್ನೋದು ಅದನ್ನು ಹೇಳುತ್ತೆ. ಪರಿಸರ ವಿಜ್ಞಾನ ಇದನ್ನು ಅರ್ಥ ಮಾಡಿಕೊಳ್ಳಲು ನೂರು ವರ್ಷ ತೆಗೆದುಕೊಂಡಿದೆ. ಆ ನೂರು ವರ್ಷದ ಸಾರವನ್ನು, ನಮ್ಮ ಬಂಡೀಪುರ-ನಾಗರಹೊಳೆಗೆ ಹೊಂದಿಸಿ ಇಲ್ಲಿ ಹೇಳುತ್ತೇನೆ.

ಸರಪಳಿ ಮತ್ತು ಜಾಲ

ಶಾಲೆಯಲ್ಲಿ ನಾವೆಲ್ಲ ಆಹಾರ ಸರಪಳಿ ಓದಿದ್ದೇವೆ. ಹುಲ್ಲನ್ನು ಜಿಂಕೆ ತಿನ್ನುತ್ತೆ, ಜಿಂಕೆಯನ್ನು ಹುಲಿ ತಿನ್ನುತ್ತೆ. ನಿಜವಾದ ಕಾಡು ಇಷ್ಟು ನೇರವಾಗಿಲ್ಲ. ನಾಗರಹೊಳೆಯಲ್ಲಿ ಜಿಂಕೆಯನ್ನು ಹುಲಿಯೂ ತಿನ್ನುತ್ತೆ, ಚಿರತೆಯೂ ತಿನ್ನುತ್ತೆ, ಕೆನ್ನಾಯಿ (ಸೀಳುನಾಯಿ) ಕೂಡ ತಿನ್ನುತ್ತೆ. ಹುಲಿ ಜಿಂಕೆಯ ಜೊತೆಗೆ ಕಾಟಿ, ಕಡವೆ, ಕಾಡುಹಂದಿಯನ್ನೂ ಹಿಡಿಯುತ್ತೆ. ಸತ್ತದ್ದನ್ನು ತಿನ್ನೋಕೆ ರಣಹದ್ದು, ಹಂದಿ, ನರಿ, ಹುಳುಗಳು ಇವೆ. ಈ ಎಲ್ಲ ಗೆರೆಗಳನ್ನೂ ಒಂದೇ ಹಾಳೆಯಲ್ಲಿ ಬರೆದರೆ ಸರಪಳಿ ಹೋಗಿ ಬಲೆಯಂಥ ಚಿತ್ರ ಬರುತ್ತೆ. ಅದಕ್ಕೇ ಆಹಾರ ಜಾಲ ಅನ್ನೋದು.

"ಸ್ಥಿರತೆ" ಅನ್ನೋ ಪದವನ್ನೂ ಈಗಲೇ ಸ್ಪಷ್ಟ ಮಾಡಿಕೊಳ್ಳೋಣ. ಸ್ಥಿರ ಜಾಲ ಅಂದ್ರೆ ಏನೂ ಬದಲಾಗದ ಜಾಲ ಅಲ್ಲ. ಬರ, ರೋಗ, ಬೆಂಕಿ ಬಂದಾಗ ಅಲುಗಾಡಿ, ಯಾವ ಜೀವಿಯೂ ಪೂರ್ತಿ ಅಳಿಯದೆ ಮತ್ತೆ ಚೇತರಿಸಿಕೊಳ್ಳುವ ಜಾಲ.

ಯುದ್ಧ ಕಾಲದ ಮೀನು ಮಾರುಕಟ್ಟೆ

ಬೇಟೆಗಾರ ಮತ್ತು ಬಲಿಪ್ರಾಣಿಯ ಲೆಕ್ಕ ಶುರುವಾಗಿದ್ದರಲ್ಲಿ ಕಾಡಿಗಿಂತ ಮೀನು ಮಾರುಕಟ್ಟೆಯ ಪಾತ್ರ ದೊಡ್ಡದು. ಇಟಲಿಯ ಜೀವಶಾಸ್ತ್ರಜ್ಞ ಉಂಬರ್ಟೊ ಡಾಂಕೋನಾ ಏಡ್ರಿಯಾಟಿಕ್ ಸಮುದ್ರದ ಬಂದರುಗಳ ಮೀನು ಮಾರಾಟದ ದಾಖಲೆ ನೋಡುತ್ತಿದ್ದರು. ಫಿಯೂಮೆ ಬಂದರಿಗೆ ಬಂದ ಮೀನಿನಲ್ಲಿ ಶಾರ್ಕ್ ಜಾತಿಯಂಥ ಬೇಟೆಗಾರ ಮೀನುಗಳ ಪಾಲು 1914ರಲ್ಲಿ ಸುಮಾರು ಶೇ 12 ಇತ್ತು. 1918ರಲ್ಲಿ ಅದು ಶೇ 36 ಆಗಿತ್ತು. 1923ರ ಹೊತ್ತಿಗೆ ಮತ್ತೆ ಶೇ 11ರ ಆಸುಪಾಸಿಗೆ ಇಳಿಯಿತು. ಮೊದಲ ಮಹಾಯುದ್ಧದ ಕಾರಣ ಮೀನುಗಾರಿಕೆ ಕಡಿಮೆಯಾಗಿತ್ತು. ಹಾಗಾದ್ರೆ ಎಲ್ಲ ಮೀನೂ ಸಮಾನವಾಗಿ ಹೆಚ್ಚಬೇಕಿತ್ತಲ್ವಾ? ಬೇಟೆಗಾರ ಮೀನಿಗೇ ಯಾಕೆ ಲಾಭ ಆಯ್ತು?

ಡಾಂಕೋನಾ ಈ ಪ್ರಶ್ನೆಯನ್ನು ತಮ್ಮ ಮಾವ, ಗಣಿತಜ್ಞ ವಿಟೊ ವೋಲ್ಟೆರಾ ಮುಂದಿಟ್ಟರು. ವೋಲ್ಟೆರಾ 1926ರಲ್ಲಿ ಉತ್ತರ ಕೊಟ್ಟರು. ಅಮೆರಿಕದ ಆಲ್ಫ್ರೆಡ್ ಲೋಟ್ಕಾ 1925ರಲ್ಲೇ ಸ್ವತಂತ್ರವಾಗಿ ಅಂಥದ್ದೇ ಸಮೀಕರಣ ಪ್ರಕಟಿಸಿದ್ದರು. ಹಾಗಾಗಿ ಇಬ್ಬರ ಹೆಸರೂ ಅದಕ್ಕೆ ಅಂಟಿಕೊಂಡಿತು. (ಇದೇ ವೋಲ್ಟೆರಾ 1931ರಲ್ಲಿ ಮುಸೊಲಿನಿ ಸರ್ಕಾರದ ನಿಷ್ಠೆಯ ಪ್ರಮಾಣ ಮಾಡಲು ನಿರಾಕರಿಸಿ ಹುದ್ದೆ ಕಳೆದುಕೊಂಡರು. ಇಡೀ ಇಟಲಿಯಲ್ಲಿ ಹಾಗೆ ನಿರಾಕರಿಸಿದ ಪ್ರಾಧ್ಯಾಪಕರು ಹೆಚ್ಚುಕಡಿಮೆ ಹನ್ನೆರಡೇ ಮಂದಿ.)

ಸಮೀಕರಣ ಹೇಳೋದು ಎರಡು ಮಾತು. ಒಂದು, ಬಲಿಪ್ರಾಣಿ ಹೆಚ್ಚಾದರೆ ಸ್ವಲ್ಪ ತಡವಾಗಿ ಬೇಟೆಗಾರ ಹೆಚ್ಚುತ್ತಾನೆ, ಬೇಟೆಗಾರ ಹೆಚ್ಚಾದರೆ ಬಲಿಪ್ರಾಣಿ ಇಳಿಯುತ್ತೆ, ಆಮೇಲೆ ತಿನ್ನೋಕೆ ಸಿಗದೆ ಬೇಟೆಗಾರನೂ ಇಳಿಯುತ್ತಾನೆ, ಮತ್ತೆ ಮೊದಲಿನಿಂದ. ಕೆನಡಾದ ಹಿಮಮೊಲ ಮತ್ತು ಲಿಂಕ್ಸ್ ಬೆಕ್ಕಿನ ತುಪ್ಪಳ ವ್ಯಾಪಾರದ ದಾಖಲೆಗಳಲ್ಲಿ ಸುಮಾರು ಹತ್ತು ವರ್ಷಕ್ಕೊಮ್ಮೆ ಈ ಏರಿಳಿತ ಕಾಣುತ್ತೆ. ಎರಡು, ಇಬ್ಬರನ್ನೂ ಒಂದೇ ಪ್ರಮಾಣದಲ್ಲಿ ಕೊಂದರೆ ಪೆಟ್ಟು ಬೀಳೋದು ಬೇಟೆಗಾರನಿಗೆ. ಬಲಿಪ್ರಾಣಿ ಸರಾಸರಿಯಲ್ಲಿ ಹೆಚ್ಚುತ್ತೆ. ಕೊಲ್ಲೋದನ್ನು ನಿಲ್ಲಿಸಿದರೆ ಬೇಟೆಗಾರ ಚೇತರಿಸಿಕೊಳ್ಳುತ್ತಾನೆ. ಯುದ್ಧದ ವರ್ಷಗಳಲ್ಲಿ ಸಮುದ್ರದಲ್ಲಿ ಆಗಿದ್ದು ಇದೇ.

ಭತ್ತದ ಗದ್ದೆಯಲ್ಲಿ ಅದೇ ಲೆಕ್ಕ

ಇದು ಬರೀ ಗಣಿತ ಅನ್ನಿಸಿದರೆ ಗಂಗಾವತಿ, ಸಿಂಧನೂರು ಕಡೆಯ ಭತ್ತದ ರೈತರನ್ನು ಕೇಳಿ. ಕಂದು ಜಿಗಿಹುಳುವಿನ ಹೆಸರು ಅವರಿಗೆ ಚೆನ್ನಾಗಿ ಗೊತ್ತು. ಹಸಿರು ಕ್ರಾಂತಿಯ ನಂತರ 1970ರ ದಶಕದಲ್ಲಿ ಏಷ್ಯಾದ ಭತ್ತದ ನಾಡುಗಳಲ್ಲೆಲ್ಲ ಈ ಹುಳು ದೊಡ್ಡ ಪಿಡುಗಾಯಿತು. ಅದಕ್ಕೆ ಔಷಧಿ ಹೊಡೆದಷ್ಟೂ ಅದು ಜಾಸ್ತಿಯಾಯಿತು. ಕಾರಣ, ಔಷಧಿ ಜಿಗಿಹುಳುವಿನ ಜೊತೆಗೆ ಅದನ್ನು ತಿನ್ನುವ ಜೇಡವನ್ನೂ ಕೊಲ್ಲುತ್ತಿತ್ತು. ಜಿಗಿಹುಳು ಬೇಗ ಮರಿ ಮಾಡುತ್ತೆ, ಜೇಡ ನಿಧಾನ. ಗದ್ದೆಯಲ್ಲಿ ಮೊದಲು ವಾಪಸ್ ಬಂದಿದ್ದು ಹುಳು.

ಇಂಡೋನೇಷ್ಯಾ ಸರ್ಕಾರ 1986ರಲ್ಲಿ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿತು. ಕೀಟನಾಶಕಕ್ಕೆ ಕೊಡುತ್ತಿದ್ದ ಸಬ್ಸಿಡಿಯನ್ನೂ ಮುಂದಿನ ಕೆಲವು ವರ್ಷಗಳಲ್ಲಿ ತೆಗೆದುಹಾಕಿತು. ಇಳುವರಿ ಕುಸಿಯಲಿಲ್ಲ. ಬೇಟೆಗಾರ-ಬಲಿಪ್ರಾಣಿಯ ಸಂಬಂಧ ಬಜೆಟ್ಟಿನ ವಿಷಯವೂ ಹೌದು, ಬರೀ ವನ್ಯಜೀವಿ ಪ್ರಿಯರ ವಿಷಯ ಅಲ್ಲ ಅನ್ನೋದಕ್ಕೆ ನಾನು ಯಾವಾಗಲೂ ಕೊಡೋ ಉದಾಹರಣೆ ಇದು.

ಜಾಗ ಬಿಡಿಸಿಕೊಡುವ ಬೇಟೆಗಾರ

ಜೇಡ ಒಂದು ಹುಳುವನ್ನು ಹತೋಟಿಯಲ್ಲಿಡುತ್ತೆ. ಆದರೆ ಒಬ್ಬ ಬೇಟೆಗಾರ ಇಡೀ ಜಾಲವನ್ನೇ ಹಿಡಿದಿಡಬಲ್ಲನೇ? ಅಮೆರಿಕದ ರಾಬರ್ಟ್ ಪೇನ್ 1963ರಲ್ಲಿ ವಾಷಿಂಗ್ಟನ್ ರಾಜ್ಯದ ಕಡಲತೀರದ ಬಂಡೆಗಳ ಮೇಲೆ ಒಂದು ಪ್ರಯೋಗ ಶುರು ಮಾಡಿದರು. ಒಂದು ಸಣ್ಣ ಪಟ್ಟಿಯಿಂದ ನಕ್ಷತ್ರಮೀನುಗಳನ್ನೆಲ್ಲ ಕಿತ್ತು ಸಮುದ್ರಕ್ಕೆ ಎಸೆದರು. ಮತ್ತೆ ಬಂದವನ್ನೂ ಎಸೆಯುತ್ತಲೇ ಇದ್ದರು. ಪಕ್ಕದ ಪಟ್ಟಿಯನ್ನು ಹಾಗೇ ಬಿಟ್ಟರು.

ನಕ್ಷತ್ರಮೀನು ಇದ್ದ ಕಡೆ 15 ಪ್ರಭೇದಗಳು ಉಳಿದವು. ಇಲ್ಲದ ಕಡೆ ಅವು 8ಕ್ಕೆ ಇಳಿದವು. ನಕ್ಷತ್ರಮೀನಿನ ಮುಖ್ಯ ಆಹಾರ ಕಪ್ಪೆಚಿಪ್ಪು. ತಿನ್ನುವವರಿಲ್ಲದೆ ಕಪ್ಪೆಚಿಪ್ಪು ಬಂಡೆಯನ್ನೆಲ್ಲ ಆಕ್ರಮಿಸಿಕೊಂಡಿತು. ಉಳಿದವರಿಗೆ ಕೂರಲು ಜಾಗ ಇಲ್ಲದಾಯಿತು. ಬಲಾಢ್ಯನೊಬ್ಬ ಎಲ್ಲವನ್ನೂ ನುಂಗದಂತೆ ತಡೆಯುವ ಇಂಥ ಜೀವಿಗೆ ಪೇನ್ 1969ರಲ್ಲಿ ಕೀಸ್ಟೋನ್ ಪ್ರಭೇದ ಅಂತ ಹೆಸರಿಟ್ಟರು. ಕಮಾನಿನ ನಡುಗಲ್ಲು ಅನ್ನೋ ಅರ್ಥ. ಅದನ್ನು ತೆಗೆದರೆ ಕಮಾನು ಬೀಳುತ್ತೆ.

ಹುಲಿ ಸಂರಕ್ಷಣೆಯ ಪರವಾಗಿ ನಾವು ಕೇಳೋ ಬಹುತೇಕ ವಾದಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಕಥೆ ಇಲ್ಲಿ ಅರ್ಧ ಮಾತ್ರ.

ಜಾಸ್ತಿ ಜೀವಿಗಳಿದ್ದರೆ ಜಾಲ ಗಟ್ಟಿಯೇ?

1950ರ ದಶಕದಲ್ಲಿ ರಾಬರ್ಟ್ ಮ್ಯಾಕ್‌ಆರ್ಥರ್, ಚಾರ್ಲ್ಸ್ ಎಲ್ಟನ್ ಮುಂತಾದವರು ಹೌದು ಅಂದಿದ್ದರು. ಹೆಚ್ಚು ಜೀವಿಗಳು, ಹೆಚ್ಚು ದಾರಿಗಳು. ಒಂದು ದಾರಿ ಮುಚ್ಚಿದರೆ ಇನ್ನೊಂದು ಇದೆ. ಕೇಳೋಕೆ ಸರಿಯಾಗೇ ಇದೆ. 1972ರಲ್ಲಿ ರಾಬರ್ಟ್ ಮೇ ಗಣಿತ ಹಾಕಿ ನೋಡಿದಾಗ ಉಲ್ಟಾ ಬಂತು. ಜೀವಿಗಳನ್ನು ಸುಮ್ಮನೆ ಯಾದೃಚ್ಛಿಕವಾಗಿ ಜೋಡಿಸಿದರೆ, ಪ್ರಭೇದಗಳು ಹೆಚ್ಚಿದಷ್ಟೂ, ಕೊಂಡಿಗಳು ಹೆಚ್ಚಿದಷ್ಟೂ, ಕೊಂಡಿಗಳು ಬಲವಾದಷ್ಟೂ ಜಾಲ ಅಸ್ಥಿರವಾಗುತ್ತೆ. ಒಂದು ಕಡೆ ತಟ್ಟಿದ ಪೆಟ್ಟು ಎಲ್ಲ ಕಡೆ ಹರಡುತ್ತೆ.

ಹಾಗಾದ್ರೆ ಪಶ್ಚಿಮ ಘಟ್ಟದಂಥ ಸಂಕೀರ್ಣ ಕಾಡು ನಿಂತಿರೋದು ಹೇಗೆ? ನಿಜವಾದ ಜಾಲಗಳು ಯಾದೃಚ್ಛಿಕ ಅಲ್ಲ, ಅದಕ್ಕೆ. 1998ರಲ್ಲಿ ಕೆವಿನ್ ಮೆಕ್ಯಾನ್ ಮತ್ತು ಸಂಗಡಿಗರು ತೋರಿಸಿದ ವಿಷಯ ಮುಖ್ಯವಾದದ್ದು: ಕೆಲವೇ ಬಲವಾದ ಕೊಂಡಿಗಳು, ಅವುಗಳ ಸುತ್ತ ತುಂಬಾ ದುರ್ಬಲ ಕೊಂಡಿಗಳು ಇದ್ದಾಗ ಜಾಲ ತಾಳಿಕೊಳ್ಳುತ್ತೆ. ದುರ್ಬಲ ಕೊಂಡಿ ಅಂದ್ರೆ ಬೇಟೆಗಾರ ಅಪರೂಪಕ್ಕೆ, ಅನಿವಾರ್ಯಕ್ಕೆ ತಿನ್ನುವ ಆಹಾರ. ಒಂದೇ ಬಲಿಪ್ರಾಣಿಯನ್ನು ನೆಚ್ಚಿಕೊಂಡ ಬೇಟೆಗಾರ ಅದನ್ನು ತಿಂದು ಮುಗಿಸಿ ತಾನೂ ಕುಸಿಯಬಹುದು. ಹತ್ತು ಆಯ್ಕೆ ಇರುವವನು, ಒಂದು ಕಡಿಮೆಯಾದಾಗ ಇನ್ನೊಂದಕ್ಕೆ ಹೊರಳುತ್ತಾನೆ. ಆ ಬಿಡುವಿನಲ್ಲಿ ಕಡಿಮೆಯಾದ ಪ್ರಾಣಿ ಮತ್ತೆ ಹೆಚ್ಚಿಕೊಳ್ಳುತ್ತೆ.

ಹೊಲದ ಭಾಷೆಯಲ್ಲಿ ಹೇಳೋದಾದ್ರೆ, ಇದು ಒಂದೇ ಬೆಳೆ ನಂಬಿದ ರೈತನಿಗೂ ಅಕ್ಕಡಿ ಸಾಲು ಹಾಕುವ ರೈತನಿಗೂ ಇರೋ ವ್ಯತ್ಯಾಸ. ಅಕ್ಕಡಿ ಸಾಲಿನ ಅವರೆ, ಹುಚ್ಚೆಳ್ಳು ಮುಖ್ಯ ಆದಾಯ ಅಲ್ಲ. ರಾಗಿ ಕೈಕೊಟ್ಟ ವರ್ಷ ಅವೇ ಮನೆ ನಡೆಸುತ್ತವೆ.

ನಾಗರಹೊಳೆಯ ಮೂವರು

ಇದು ನಮ್ಮ ಕಾಡಿನಲ್ಲಿ ಹೇಗೆ ಕಾಣುತ್ತೆ ನೋಡಿ. ನಾಗರಹೊಳೆಯಲ್ಲಿ ಹುಲಿ, ಚಿರತೆ, ಕೆನ್ನಾಯಿ ಮೂರೂ ಒಟ್ಟಿಗೆ ಬದುಕುತ್ತವೆ. ಉಲ್ಲಾಸ್ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇವುಗಳ ಊಟದ ಲೆಕ್ಕ ಇದೆ. ಹುಲಿ ಕೊಲ್ಲುವ ಮುಖ್ಯ ಬಲಿಪ್ರಾಣಿಗಳ ಸರಾಸರಿ ತೂಕ 91.5 ಕಿಲೊ, ಕೆನ್ನಾಯಿಯದು 43.4, ಚಿರತೆಯದು 37.6. ಹುಲಿಗೆ ಕಾಟಿ, ಕಡವೆಯಂಥ ದೊಡ್ಡ ಪ್ರಾಣಿ ಬೇಕು. ಉಳಿದ ಇಬ್ಬರು ಹೆಚ್ಚಾಗಿ ಜಿಂಕೆ ಗಾತ್ರದ್ದಕ್ಕೆ ಹೋಗುತ್ತಾರೆ. ಕೆನ್ನಾಯಿ ಹಗಲು ಹೊತ್ತು ಗುಂಪಿನಲ್ಲಿ ಬೇಟೆಯಾಡುತ್ತೆ, ಹುಲಿ-ಚಿರತೆ ಹೆಚ್ಚಾಗಿ ಕತ್ತಲಲ್ಲಿ. ದೊಡ್ಡದು, ಸಣ್ಣದು ಎರಡೂ ಹೇರಳವಾಗಿ ಇರುವವರೆಗೆ ಮೂವರ ನಡುವೆ ಜಗಳ ಕಡಿಮೆ.

ಈಗ ಸ್ವಲ್ಪ ಕೈಲೆಕ್ಕ ಮಾಡೋಣ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿಗಳು ಬೇಕು. ಕಾರಂತ ಮತ್ತು ಸಂಗಡಿಗರು 2004ರಲ್ಲಿ ದೇಶದ 11 ಕಾಡುಗಳ ಅಂಕಿ ಬಳಸಿ ಪರೀಕ್ಷಿಸಿದ ಮಾದರಿಯ ಪ್ರಕಾರ, ಹುಲಿಗಳು ವರ್ಷಕ್ಕೆ ಇರುವ ಬಲಿಪ್ರಾಣಿಗಳಲ್ಲಿ ಸುಮಾರು ಶೇ 10ರಷ್ಟನ್ನು ತಿನ್ನುತ್ತವೆ. ಅಂದ್ರೆ ಒಂದು ಹುಲಿಯ ಹಿಂದೆ ಸುಮಾರು 500 ಜೀವಂತ ಪ್ರಾಣಿಗಳು ಇರಬೇಕು. 2022ರ ಗಣತಿಯಲ್ಲಿ ಬಂಡೀಪುರದ ಅಂದಾಜು 150 ಹುಲಿ. 150ನ್ನು 500ರಿಂದ ಗುಣಿಸಿ: 75,000. ಇದು ಒರಟು ಲೆಕ್ಕ, ಪ್ರತಿ ಕಾಡಿಗೂ ಬದಲಾಗುತ್ತೆ. ಚಿರತೆ, ಕೆನ್ನಾಯಿಗಳ ಪಾಲು ಬೇರೆ ಇದೆ. ಆದರೂ ಒಂದು ವಿಷಯ ಖಾತ್ರಿ. "ಹುಲಿ ಎಷ್ಟು?" ಅನ್ನೋ ಪ್ರಶ್ನೆಯ ಅಡಿಯಲ್ಲಿ "ಜಿಂಕೆ, ಕಡವೆ, ಕಾಟಿ ಎಷ್ಟು?" ಅನ್ನೋ ಅದಕ್ಕಿಂತ ದೊಡ್ಡ ಪ್ರಶ್ನೆ ಕೂತಿದೆ.

ಮೇಲಿನವನನ್ನು ತಂದುಬಿಟ್ಟರೆ ಸಾಕೇ?

ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನಕ್ಕೆ 1995-96ರಲ್ಲಿ ತೋಳಗಳನ್ನು ವಾಪಸ್ ತಂದ ಕಥೆಯ ವಿಡಿಯೊ ನೀವೂ ನೋಡಿರಬಹುದು. ತೋಳ ಬಂತು, ಎಲ್ಕ್ ಜಿಂಕೆ ಕಡಿಮೆಯಾಯ್ತು, ಗಿಡಮರ ಬೆಳೀತು, ನದಿಯ ದಿಕ್ಕೇ ಬದಲಾಯ್ತು ಅಂತ. ಚೆಂದದ ಕಥೆ, ಆದರೆ ಪೂರ್ತಿ ಹಾಗಿಲ್ಲ. ಎಲ್ಕ್ ಇಳಿದದ್ದರಲ್ಲಿ ಕರಡಿ, ಬೇಟೆ, ಹವಾಮಾನದ ಪಾಲೂ ಇದೆ. ಇಪ್ಪತ್ತು ವರ್ಷ ನಡೆದ ಒಂದು ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ಉದ್ಯಾನದ ಉತ್ತರ ಭಾಗದಲ್ಲಿ ತೋಳ ಬಂದ ಮಾತ್ರಕ್ಕೆ ಹೊಳೆಯಂಚಿನ ವಿಲ್ಲೋ ಗಿಡಗಳು ಮೊದಲಿನಂತಾಗಲಿಲ್ಲ. ತೋಳ ಇಲ್ಲದ ಸುಮಾರು ಎಪ್ಪತ್ತು ವರ್ಷಗಳಲ್ಲಿ ಬೀವರ್‌ಗಳು ಹೋಗಿದ್ದವು, ಅವು ಕಟ್ಟುತ್ತಿದ್ದ ಒಡ್ಡುಗಳು ಹೋಗಿದ್ದವು, ಅಂತರ್ಜಲ ಇಳಿದಿತ್ತು.

ಒಮ್ಮೆ ಬಿಚ್ಚಿಕೊಂಡ ಜಾಲ, ತುದಿಯಲ್ಲಿರುವ ಒಂದು ಪ್ರಾಣಿಯನ್ನು ತಂದಿಟ್ಟ ಕೂಡಲೇ ತಾನಾಗಿ ಹೆಣೆದುಕೊಳ್ಳೋದಿಲ್ಲ. ತಳ ಗಟ್ಟಿ ಇರಬೇಕು.

ನಮ್ಮ ಕಾಡಿನ ತಳದಲ್ಲಿ ಏನಾಗುತ್ತಿದೆ

ನಮ್ಮಲ್ಲಿ ತಳ ಅಂದ್ರೆ ಹುಲ್ಲು. ಬಂಡೀಪುರ, ಬಿಳಿಗಿರಿರಂಗನಬೆಟ್ಟ ಕಡೆ ಸಫಾರಿ ದಾರಿಯ ಎರಡೂ ಬದಿ ನೋಡಿ. ಬಣ್ಣಬಣ್ಣದ ಸಣ್ಣ ಹೂವಿನ ಪೊದೆ ದಟ್ಟವಾಗಿ ಹಬ್ಬಿರುತ್ತೆ. ಅದು ಲಂಟಾನ. ಅಮೆರಿಕ ಖಂಡಗಳ ಗಿಡ, ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆ ಅಂತ ಬಂದದ್ದು. ಈಚೆಗೆ ಸೆನ್ನಾ ಸ್ಪೆಕ್ಟಾಬಿಲಿಸ್ ಅನ್ನೋ ಹಳದಿ ಹೂವಿನ ಮರವೂ ಸೇರಿಕೊಂಡಿದೆ. ಲಂಟಾನದ ಅಡಿಯಲ್ಲಿ ಹುಲ್ಲು ಬೆಳೆಯೋದಿಲ್ಲ. ಹುಲ್ಲಿಲ್ಲದ ಕಡೆ ಜಿಂಕೆ, ಕಾಟಿಗೆ ಮೇವಿಲ್ಲ. ಮೇಲಿಂದ ನೋಡಿದರೆ ಹಚ್ಚಹಸಿರು ಕಾಡು, ಹೊಟ್ಟೆಯ ದೃಷ್ಟಿಯಲ್ಲಿ ಖಾಲಿ.

ಇಲ್ಲಿಗೆ ಕಾಡಿನ ಜನರ ಮಾತು ಬರುತ್ತೆ. ಬಿಳಿಗಿರಿಯ ಸೋಲಿಗರು ಹಿಂದೆ ಬೇಸಿಗೆ ಬಿರುಸಾಗುವ ಮೊದಲೇ ಒಣಗಿದ ಎಲೆಗೆ ಸಣ್ಣದಾಗಿ ಬೆಂಕಿ ಇಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಅಂತ ಹೆಸರು. ನೆಲಮಟ್ಟದಲ್ಲಿ ಹರಿದು ಆರಿಹೋಗುವ ಬೆಂಕಿ ಅದು. 1970ರ ದಶಕದಲ್ಲಿ ಅಭಯಾರಣ್ಯ ಬಂದ ಮೇಲೆ ಅದು ಅಪರಾಧವಾಯಿತು. ತರಗು ಬೆಂಕಿ ನಿಂತ ಮೇಲೆಯೇ ಲಂಟಾನ ಹೆಚ್ಚಾಯಿತು ಅನ್ನೋದು ಸೋಲಿಗರ ವಿವರಣೆ, ಪರಿಸರ ವಿಜ್ಞಾನಿಗಳು ಅದನ್ನು ದಾಖಲಿಸಿ ಅಧ್ಯಯನ ಮಾಡಿದ್ದಾರೆ. ಕಡುಬೇಸಿಗೆಯ ಕಾಳ್ಗಿಚ್ಚು ಬೇರೆ ಸಂಗತಿ. ಲಂಟಾನವೇ ಅದಕ್ಕೆ ಉರುವಲಾಗುತ್ತೆ, ಸುಟ್ಟ ಮೇಲೆ ಲಂಟಾನವೇ ಮೊದಲು ಚಿಗುರುತ್ತೆ.

"ಪ್ರಕೃತಿಯ ಸಮತೋಲನ" ಅನ್ನೋ ಪದವನ್ನು ಬಳಸಿ ಜೇನುಕುರುಬರನ್ನು, ಸೋಲಿಗರನ್ನು ಕಾಡಿನಿಂದ ಹೊರಗಿಡುವ ವಾದ ಕೇಳಿದಾಗ ನನಗೆ ಈ ತರಗು ಬೆಂಕಿ ನೆನಪಾಗುತ್ತೆ. ಆಹಾರ ಜಾಲದ ವಿಜ್ಞಾನ "ಮನುಷ್ಯ ಹೊರಗೆ ಹೋದರೆ ಎಲ್ಲ ಸರಿಹೋಗುತ್ತೆ" ಅಂತ ಎಲ್ಲೂ ಹೇಳೋದಿಲ್ಲ. ಯಾವ ಮನುಷ್ಯ, ಯಾವ ಕೊಂಡಿಯನ್ನು, ಎಷ್ಟು ಬಲವಾಗಿ ಎಳೆಯುತ್ತಿದ್ದಾನೆ ಅಂತ ಕೇಳುತ್ತೆ. ಜಿಂಕೆಗೆ ಉರುಳು ಹಾಕುವುದು ಒಂದು ಬಗೆಯ ಎಳೆತ, ಕಾಡಿನ ನಡುವೆ ಹೆದ್ದಾರಿ ಇನ್ನೊಂದು, ಕಾಡಂಚಿನ ರೆಸಾರ್ಟ್ ಮತ್ತೊಂದು, ಜೇನು ಬಿಡಿಸುವುದು ತೀರಾ ಬೇರೆ. ಎಲ್ಲವನ್ನೂ "ಮಾನವ ಹಸ್ತಕ್ಷೇಪ" ಅನ್ನೋ ಒಂದೇ ಚೀಲಕ್ಕೆ ತುಂಬೋದು ವಿಜ್ಞಾನ ಅಲ್ಲ, ರಾಜಕೀಯ. ಬಿಳಿಗಿರಿಯಲ್ಲಿ 2011ರಲ್ಲಿ ಸೋಲಿಗರ ಸಮುದಾಯ ಅರಣ್ಯ ಹಕ್ಕನ್ನು ಹುಲಿ ಮೀಸಲು ಪ್ರದೇಶದೊಳಗೇ ಮಾನ್ಯ ಮಾಡಲಾಗಿದೆ. ಅಂದ್ರೆ ಈ ಚರ್ಚೆಗೆ ಕಾನೂನಿನ ದಾರಿ ಈಗಾಗಲೇ ಇದೆ.

ವಿಷ ಒಬ್ಬರಿಗೇ ನಿಲ್ಲೋದಿಲ್ಲ

ಆಹಾರ ಜಾಲಕ್ಕೆ ಕಾಡಿನ ಬೇಲಿ ಗೊತ್ತಿಲ್ಲ. ಒಳಗೆ ಕಡವೆ, ಕಾಟಿ ಕಡಿಮೆಯಾದರೆ ಹೊರಗಿನ ದನ ಹುಲಿಯ ಜಾಲದೊಳಗೆ ಬಲವಾದ ಕೊಂಡಿಯಾಗುತ್ತೆ. ಆ ಕೊಂಡಿಯ ಬೆಲೆ ತೆರುವವರು ಒಂದೆರಡು ಹಸು ನಂಬಿಕೊಂಡ ಮನೆಯವರು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತುಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಿದ ಆರೋಪದ ಮೇಲೆ ಬಂಧನಗಳಾದವು. ಐದು ಹುಲಿ ಹೋದವು ಅಂತ ಇಡೀ ರಾಜ್ಯ ಮಾತಾಡಿತು, ಮಾತಾಡಲೇಬೇಕಿತ್ತು. ಹಸು ಸತ್ತ ದಿನವೇ ಪರಿಹಾರ ಕೈಗೆ ಬರುವ ವ್ಯವಸ್ಥೆ ಇದ್ದಿದ್ದರೆ ಅನ್ನೋ ಪ್ರಶ್ನೆ ಅಷ್ಟೇ ಜೋರಾಗಿ ಕೇಳಲಿಲ್ಲ.

ಕಳೇಬರಕ್ಕೆ ಹಾಕಿದ ವಿಷ ಹುಲಿಗೆ ಮಾತ್ರ ಅಂತ ಬರೆದು ಇಡೋಕೆ ಆಗಲ್ಲ. ಅದನ್ನು ಯಾರೆಲ್ಲ ತಿನ್ನುತ್ತಾರೋ ಅವರಿಗೆಲ್ಲ ಅದು ಹೋಗುತ್ತೆ. ಇದರ ದೊಡ್ಡ ಪಾಠ ದೇಶಕ್ಕೆ ರಣಹದ್ದುಗಳಿಂದ ಸಿಕ್ಕಿದೆ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿತು. 1990ರ ದಶಕದಿಂದ ಮುಖ್ಯ ಪ್ರಭೇದಗಳು ಶೇ 95ಕ್ಕೂ ಹೆಚ್ಚು ಕುಸಿದವು. ಪಶು ಚಿಕಿತ್ಸೆಯಲ್ಲಿ ಔಷಧಿಯ ನಿಷೇಧ 2006ರಲ್ಲಿ ಬಂತು. ಅಷ್ಟರಲ್ಲಿ ಕೊಳೆತ ಕಳೇಬರ, ಬೀದಿನಾಯಿ, ರೇಬಿಸ್ ಎಲ್ಲ ಹೆಚ್ಚಿದ್ದವು. ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2000ದಿಂದ 2005ರವರೆಗೆ ಈ ಕುಸಿತದಿಂದ ಸುಮಾರು 5 ಲಕ್ಷ ಹೆಚ್ಚುವರಿ ಮನುಷ್ಯರ ಸಾವು ಸಂಭವಿಸಿತು. ಯಾರೂ ಎಣಿಸದ, ಯಾರೂ ಹೆಮ್ಮೆ ಪಡದ ಹಕ್ಕಿ ಅದು.

ಮುಂದಿನ ವರದಿ ಬಂದಾಗ

ಹುಲಿ ಎಣಿಸೋದು ಬೇಡ ಅಂತ ನಾನು ಹೇಳುತ್ತಿಲ್ಲ. ಬಂಡೀಪುರ 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾಗಿತ್ತು, ಅಲ್ಲಿಂದ ಇಲ್ಲಿಯವರೆಗಿನ ಚೇತರಿಕೆ ಸಣ್ಣದಲ್ಲ. ಆದರೆ ಒಂದೇ ಅಂಕಿಯ ಮೇಲೆ ನೀತಿ ನಡೆದರೆ ಏನಾಗುತ್ತೆ ಅಂತ ಭತ್ತದ ಗದ್ದೆಯೂ ಯೆಲ್ಲೋಸ್ಟೋನೂ ತೋರಿಸಿವೆ.

ಹಾಗಾಗಿ ಮುಂದಿನ ಸಲ ಗಣತಿಯ ಸುದ್ದಿ ಬಂದಾಗ, ನಿಮ್ಮ ಶಾಸಕರನ್ನೋ ಅರಣ್ಯ ಸಚಿವರನ್ನೋ ಟ್ಯಾಗ್ ಮಾಡುವಾಗ, ಈ ಪ್ರಶ್ನೆಗಳನ್ನೂ ಸೇರಿಸಿ. ಪ್ರತಿ ಹುಲಿ ಮೀಸಲಿನಲ್ಲಿ ಕಾಟಿ, ಕಡವೆ, ಜಿಂಕೆಗಳ ಸಾಂದ್ರತೆ ಎಷ್ಟು, ಕಳೆದ ಸಲಕ್ಕಿಂತ ಏರಿದೆಯೋ ಇಳಿದಿದೆಯೋ? ಎಷ್ಟು ಎಕರೆ ಲಂಟಾನ ಮತ್ತು ಸೆನ್ನಾ ತೆಗೆದಿದ್ದೀರಿ, ತೆಗೆದ ಜಾಗದಲ್ಲಿ ಹುಲ್ಲು ಬಂದಿದೆಯೋ ಲಂಟಾನವೇ ಮತ್ತೆ ಬಂದಿದೆಯೋ? ಆ ಕೆಲಸದಲ್ಲಿ ಸೋಲಿಗರಿಗೆ, ಜೇನುಕುರುಬರಿಗೆ ದಿನಗೂಲಿ ಮಾತ್ರವೋ, ನಿರ್ಧಾರದಲ್ಲೂ ಪಾಲಿದೆಯೋ? ಜಾನುವಾರು ಸತ್ತಾಗ ಪರಿಹಾರ ಎಷ್ಟು ದಿನಕ್ಕೆ ಕೈ ಸೇರುತ್ತಿದೆ? ಉರುಳು ಹುಡುಕಿ ತೆಗೆಯುವ ಗಸ್ತು ಸಿಬ್ಬಂದಿಯಲ್ಲಿ ಎಷ್ಟು ಹುದ್ದೆ ಖಾಲಿ ಇವೆ?

ಇವುಗಳಿಗೆ ಉತ್ತರ ಸಿಗದಿದ್ದರೆ ಆರ್‌ಟಿಐ ಅರ್ಜಿಗೆ ಹತ್ತು ರೂಪಾಯಿ ಸಾಕು.